ತಿಗರಿ ಬೇಡ, ಹದ ಗೊತ್ತಿದ್ದರೆ ಸಾಕು: ಕೈಯಲ್ಲೇ ಮಣ್ಣಿನ ಪಾತ್ರೆ ಕಟ್ಟಿ, ಮೈಮೇಲೆ ಚಿತ್ತಾರ ಬಿಡಿಸುವುದು

ನಾನು ಮಾಡಿದ ಮೊದಲ ಕಾಫಿ ಮಗ್ ಕಿಲ್ನ್‌ನಿಂದ (ಮಣ್ಣಿನ ಪಾತ್ರೆ ಸುಡುವ ಕುಲುಮೆ) ಎರಡು ಭಾಗವಾಗಿ ಹೊರಗೆ ಬಂತು. ಮಗ್ ಒಂದು ಕಡೆ, ಹಿಡಿ ಇನ್ನೊಂದು ಕಡೆ. ಎರಡೂ ಚೆನ್ನಾಗಿಯೇ ಇದ್ದವು, ಒಂದಕ್ಕೊಂದು ಸಂಬಂಧ ಮಾತ್ರ ಇರಲಿಲ್ಲ. ಮಗ್ ಮಾಡಿ ಮೂರು ದಿನ ಹಾಗೇ ಬಿಟ್ಟಿದ್ದೆ. ಆಮೇಲೆ ಹಸಿ ಮಣ್ಣಿನಲ್ಲಿ ಹಿಡಿ ಮಾಡಿ ಅಂಟಿಸಿದ್ದೆ. ಮಗ್ ಕುಗ್ಗುವಷ್ಟು ಕುಗ್ಗಿ ಮುಗಿಸಿತ್ತು, ಹಿಡಿ ಆಗಷ್ಟೇ ಕುಗ್ಗಲು ಶುರು ಮಾಡಿತ್ತು. ಬಿಟ್ಟುಕೊಳ್ಳದೆ ಇನ್ನೇನು ಮಾಡುತ್ತೆ?

ಕೈಯಿಂದ ಪಾತ್ರೆ ಕಟ್ಟುವುದರಲ್ಲಿ ಕಲಿಯಬೇಕಾದ ದೊಡ್ಡ ವಿಷಯ ಇದೇ. ಕೈಚಳಕ ನಿಧಾನಕ್ಕೆ ಬರುತ್ತೆ. ಮೊದಲು ಬೇಕಾಗಿರುವುದು ಹದ. ಮೈಸೂರು ಪಾಕ್ ತಟ್ಟೆಗೆ ಹುಯ್ದ ಮೇಲೆ ಗೆರೆ ಕೊಯ್ಯುವುದಕ್ಕೆ ಒಂದು ಹೊತ್ತು ಇರುತ್ತಲ್ಲ, ಬೇಗ ಕೊಯ್ದರೆ ಮತ್ತೆ ಕೂಡಿಕೊಳ್ಳುತ್ತೆ, ತಡವಾದರೆ ಪುಡಿಯಾಗುತ್ತೆ, ಮಣ್ಣೂ ಹಾಗೇ. ಯಾವ ಕೆಲಸವನ್ನು ಯಾವ ಹದದಲ್ಲಿ ಮಾಡಬೇಕು ಅಂತ ಗೊತ್ತಾದರೆ ಅರ್ಧ ಕಲಿತ ಹಾಗೆ.

ತಿಗರಿ (ಕುಂಬಾರರ ಚಕ್ರ) ಇಲ್ಲದೆ ಪಾತ್ರೆ ಮಾಡುವುದು ಅಂದರೆ ಕಲಿಯುವವರ ಆಟ ಅಂತ ಕೆಲವರಿಗೆ ಅನಿಸುತ್ತೆ. ಹಾಗೇನಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ತೀರಾ ಕೆಳಗಿನ ಪದರಗಳಲ್ಲಿ ಸಿಕ್ಕ ಬೂದು ಬಣ್ಣದ ಮಡಕೆಗಳು ಹೆಚ್ಚಾಗಿ ಕೈಯಲ್ಲಿ ಮಾಡಿದವೇ. ಮಣಿಪುರದ ಲೋಂಗ್ಪಿಯಲ್ಲಿ ತಂಗ್‌ಖುಲ್ ನಾಗಾ ಜನ ಇವತ್ತಿಗೂ ಕಲ್ಲಿನ ಪುಡಿ ಮತ್ತು ಮಣ್ಣು ಕಲಸಿ, ತಿಗರಿ ಮುಟ್ಟದೆ ಕಪ್ಪು ಅಡುಗೆ ಪಾತ್ರೆ ಮಾಡುತ್ತಾರೆ. ತಮಿಳುನಾಡಿನ ಊರಂಚಿನಲ್ಲಿ ನಿಂತಿರುವ ಅಯ್ಯನಾರ್ ಗುಡಿಗಳ ಆಳೆತ್ತರದ ಮಣ್ಣಿನ ಕುದುರೆಗಳನ್ನು ನೋಡಿದ್ದೀರಾ? ಅಷ್ಟು ದೊಡ್ಡದನ್ನು ಕೈಯಲ್ಲೇ ಹಂತ ಹಂತವಾಗಿ ಕಟ್ಟಿ ಎಬ್ಬಿಸಬೇಕು.

ಯಾವ ಮಣ್ಣು?

ಶುರುವಿಗೆ 5 ಕೆಜಿ ಸಾಕು. ಸುಲಭದ ದಾರಿ ಅಂದರೆ ಯಾವುದಾದರೂ ಪಾಟರಿ ಸ್ಟುಡಿಯೋದಿಂದ ಹದ ಮಾಡಿಟ್ಟ ಮಣ್ಣು ಕೊಳ್ಳುವುದು. ಅಲ್ಲಿ ಎರಡು ಬಗೆ ಸಿಗುತ್ತೆ. ಟೆರಾಕೋಟಾ ಅಂದರೆ ನಮ್ಮ ಕೆಂಪು ಮಣ್ಣು, ಸುಮಾರು 900ರಿಂದ 1050 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡುವಂಥದ್ದು. ಸುಟ್ಟ ಮೇಲೂ ನೀರು ಹೀರುತ್ತೆ, ಹಾಗಾಗಿಯೇ ಮಡಕೆ ನೀರು ತಣ್ಣಗಿರುವುದು. ಇನ್ನೊಂದು ಸ್ಟೋನ್‌ವೇರ್. ಇದನ್ನು 1200 ಡಿಗ್ರಿ ದಾಟಿಸಿ ಸುಡುತ್ತಾರೆ, ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಊಟದ ತಟ್ಟೆ, ಕಾಫಿ ಕಪ್ ಮಾಡುವ ಆಸೆ ಇದ್ದರೆ ಸ್ಟೋನ್‌ವೇರ್ ತಗೊಳ್ಳಿ. ಕೊಳ್ಳುವಾಗಲೇ ಎಷ್ಟು ಡಿಗ್ರಿಯದು ಅಂತ ಕೇಳಿ ಚೀಟಿ ಬರೆದು ಅಂಟಿಸಿಕೊಳ್ಳಿ. ಟೆರಾಕೋಟಾವನ್ನು ಸ್ಟೋನ್‌ವೇರ್ ಉರಿಗೆ ಇಟ್ಟರೆ ಅದು ಕರಗಿ ಕಿಲ್ನ್ ಹಲಗೆಗೆ ಮೆತ್ತಿಕೊಳ್ಳುತ್ತೆ, ಹಲಗೆಯ ದುಡ್ಡು ನೀವೇ ಕೊಡಬೇಕು.

ಗಣೇಶ ಮಾಡುವ ಕಿಟ್‌ನಲ್ಲಿ ಬರುವ ಮಣ್ಣು ಅಭ್ಯಾಸಕ್ಕೆ ಪರವಾಗಿಲ್ಲ. ಸುಡುವುದಕ್ಕೆ ನಂಬಬೇಡಿ, ಅದರಲ್ಲಿ ಏನೇನು ಬೆರೆಸಿರುತ್ತಾರೋ. ಏರ್ ಡ್ರೈ ಕ್ಲೇ ಅಂತ ಆನ್‌ಲೈನ್‌ನಲ್ಲಿ ಬರುವುದಂತೂ ಪೂರ್ತಿ ಬೇರೆ ಜಾತಿ, ಕಿಲ್ನ್ ಹತ್ತಿರ ಒಯ್ಯಲೇಬೇಡಿ.

ಊರಲ್ಲಿ ಕೆರೆ ಇದ್ದು, ಅಲ್ಲಿನ ಕುಂಬಾರರು ಮಣ್ಣು ತೆಗೆಯುವ ಜಾಗ ಗೊತ್ತಿದ್ದರೆ ಅವರನ್ನೇ ಕೇಳಿ. ಮಣ್ಣು ಸರಿ ಇದೆಯಾ ಅಂತ ನೋಡುವುದಕ್ಕೆ ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಜಿಗುಟು ಇದೆ. ತಂದ ಮಣ್ಣನ್ನು ಪೂರ್ತಿ ಒಣಗಿಸಿ, ಹೆಂಟೆ ಒಡೆದು, ಆಮೇಲೆ ನೀರಿಗೆ ಹಾಕಿ. ಅರೆಹಸಿ ಮಣ್ಣು ನೀರಿನಲ್ಲಿ ದಿನಗಟ್ಟಲೆ ಹಾಗೇ ಕೂತಿರುತ್ತೆ, ಒಣಗಿದ್ದು ಮಾತ್ರ ಸರಸರ ಕರಗುತ್ತೆ. ಕರಗಿದ್ದನ್ನು ಜರಡಿಯಲ್ಲಿ ಸೋಸಿ, ಮೇಲಿನ ತಿಳಿನೀರು ಬಗ್ಗಿಸಿ, ದಪ್ಪ ಬಟ್ಟೆಯ ಮೇಲೆ ಹರಡಿ ನಾದುವಷ್ಟು ಗಟ್ಟಿಯಾಗಲು ಬಿಡಿ. ಸೋಸುವುದನ್ನು ಮಾತ್ರ ಬಿಡಬೇಡಿ. ಸುಣ್ಣಕಲ್ಲಿನ ಒಂದು ಚೂರು ಒಳಗೆ ಉಳಿದರೂ ಸುಟ್ಟಾಗ ಅದು ಸುಡುಸುಣ್ಣವಾಗುತ್ತೆ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಎಷ್ಟೋ ದಿನ ಕಳೆದ ಮೇಲೆ ಪಾತ್ರೆಯ ಮೈಯಿಂದ ಬಿಲ್ಲೆಯ ಹಾಗೆ ಒಂದು ಚಕ್ಕೆ ಹಾರಿಸುತ್ತೆ. ದಪ್ಪ ಗೋಡೆಯ ಪಾತ್ರೆ ಮಾಡುವುದಾದರೆ ಸುಟ್ಟ ಮಡಕೆ ಚೂರನ್ನು ಕುಟ್ಟಿ, ಸೋಸಿ, ಹತ್ತಕ್ಕೆ ಒಂದು ಪಾಲು ಬೆರೆಸಿ. ಗ್ರಾಗ್ ಅಂತಾರೆ ಇದಕ್ಕೆ. ಕುಗ್ಗುವುದು ಕಡಿಮೆಯಾಗುತ್ತೆ, ತೇವ ಹೊರಗೆ ಹೋಗಲು ದಾರಿಯೂ ಸಿಗುತ್ತೆ.

ಸಾಮಾನು ಜಾಸ್ತಿ ಬೇಡ. ಒಂದು ಲಟ್ಟಣಿಗೆ (ಅಡುಗೆಮನೆಯದನ್ನು ತಂದರೆ ವಾಪಸ್ ಕೊಡುವ ಆಸೆ ಬಿಡಿ), ಹಳೇ ಫೋರ್ಕ್, ಸ್ಪಂಜು, ಬಿದಿರಿನ ಕಡ್ಡಿ, ಬೇಡವಾದ ಏಟಿಎಂ ಕಾರ್ಡು, ಹಳೇ ಪಂಚೆ, ಒಂದಿಷ್ಟು ಪ್ಲಾಸ್ಟಿಕ್ ಕವರ್. ಅಷ್ಟೇ.

ಮಣ್ಣಿನ ಕೈ ಸಿಂಕ್‌ನಲ್ಲಿ ತೊಳೆಯಬೇಡಿ. ಫ್ಲಾಟ್‌ನಲ್ಲಿ ಇರುವವರು ಇದನ್ನು ಎರಡು ಸಲ ಓದಿ. ಪೈಪ್ ಒಳಗೆ ಕೂತ ಮಣ್ಣು ಪ್ಲಂಬರ್ ಬಂದರೂ ಸುಲಭಕ್ಕೆ ಹೋಗುವುದಿಲ್ಲ, ಕೆಳಗಿನ ಮನೆಯವರ ಮುಖ ನೋಡುವುದೂ ಕಷ್ಟವಾಗುತ್ತೆ. ಬಕೆಟ್‌ನಲ್ಲಿ ತೊಳೆಯಿರಿ, ಮಣ್ಣು ತಳದಲ್ಲಿ ಕೂತ ಮೇಲೆ ತಿಳಿನೀರು ಗಿಡಕ್ಕೆ ಹಾಕಿ, ಉಳಿದದ್ದನ್ನು ಮತ್ತೆ ಬಳಸಿ. ಇನ್ನೊಂದು ಮಾತು, ಒಣಗಿದ ಮಣ್ಣಿನ ಧೂಳನ್ನು ಪೊರಕೆಯಲ್ಲಿ ಗುಡಿಸಬೇಡಿ. ಅದರಲ್ಲಿ ಸಿಲಿಕಾ ಇರುತ್ತೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಹಾನಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ನಾದುವುದು

ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ, ಕೈಗೆ ಅಂಟಬಾರದು. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ಕಾಲುಭಾಗ ತಿರುಗಿಸಿ, ಮತ್ತೆ ಒತ್ತಿ. 50 ಸಲವಾದರೂ ಆಗಲಿ. ನಡುವೆ ದಾರದಿಂದ ಕತ್ತರಿಸಿ ನೋಡಿ, ಒಳಗೆ ತೂತು ಕಾಣದಿದ್ದರೆ ಆಯಿತು.

ಗಾಳಿಗುಳ್ಳೆ ಉಳಿದರೆ ಪಾತ್ರೆ ಕಿಲ್ನ್‌ನಲ್ಲಿ ಸಿಡಿಯುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಿಜವಾಗಿ ಸಿಡಿಸುವುದು ನೀರು. ಪೂರ್ತಿ ಒಣಗದ ದಪ್ಪ ಮಣ್ಣಿನೊಳಗೆ ಉಳಿದ ತೇವ 100 ಡಿಗ್ರಿ ದಾಟುತ್ತಿದ್ದ ಹಾಗೆ ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ ಗೋಡೆ ಒಡೆಯುತ್ತೆ. ಗುಳ್ಳೆಯ ತೊಂದರೆ ಬೇರೆ, ಅದು ಗೋಡೆಯನ್ನು ಅಲ್ಲಲ್ಲಿ ದುರ್ಬಲ ಮಾಡುತ್ತೆ. ಆದ್ದರಿಂದ ನಾದುವುದು ಬೇಕು, ಆದರೆ ಚೆನ್ನಾಗಿ ನಾದಿದ್ದೀನಿ ಅಂತ ಹಸಿ ಪಾತ್ರೆಯನ್ನು ಸುಡಲು ಕೊಡಬೇಡಿ.

ಮೊದಲು ಚಿವುಟಿ ಮಾಡುವ ಬಟ್ಟಲು

ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು, ಅಷ್ಟು ಉಂಡೆ ತಗೊಳ್ಳಿ. ಹೂರಣದ ಕಡುಬಿಗೆ ಕಣಕ ಬಟ್ಟಲು ಮಾಡುತ್ತೀರಲ್ಲ, ಅದೇ ಕೈ. ಹೆಬ್ಬೆರಳನ್ನು ನಡುವೆ ಇಳಿಸಿ, ತಳದಲ್ಲಿ ಒಂದು ಬೆರಳು ದಪ್ಪ ಮಣ್ಣು ಉಳಿಯುವಲ್ಲಿಗೆ ನಿಲ್ಲಿಸಿ. ಈಗ ಒಳಗೆ ಹೆಬ್ಬೆರಳು, ಹೊರಗೆ ಉಳಿದ ಬೆರಳು, ಚಿವುಟುತ್ತಾ ತಿರುಗಿಸಿ. ತಳದಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಎಲ್ಲರೂ ಬಾಯಿಂದ ಶುರು ಮಾಡುತ್ತಾರೆ, ಬಾಯಿ ತೆಳ್ಳಗಾಗಿ ಹೂವಿನ ಹಾಗೆ ಅರಳಿ ಜೋತುಬೀಳುತ್ತೆ, ತಳ ಮಾತ್ರ ಇಟ್ಟಿಗೆ. ಬಾಯಿಯನ್ನು ಕೊನೆವರೆಗೂ ದಪ್ಪವಾಗಿಯೇ ಇಟ್ಟುಕೊಳ್ಳಿ.

ಬಿರುಕು ಕಂಡರೆ ನೀರು ಹಚ್ಚುವ ಆಸೆ ಆಗುತ್ತೆ. ಹಚ್ಚಬೇಡಿ, ಒಣ ಬೆರಳಿನಲ್ಲಿ ಒತ್ತಿ ಮುಚ್ಚಿ. ನೀರು ಜಾಸ್ತಿಯಾದಷ್ಟೂ ಗೋಡೆ ಕುಸಿಯುತ್ತೆ. 6 ಮಿಲಿಮೀಟರ್ ದಪ್ಪ ಬಂದರೆ ಚೆಂದ. ಇಂಥ ಹತ್ತು ಬಟ್ಟಲು ಮಾಡಿ, ಎಂಟನ್ನು ಮುದ್ದೆ ಮಾಡಿ ಮತ್ತೆ ಬಕೆಟ್‌ಗೆ ಹಾಕಿ. ಸುಡುವ ತನಕ ಮಣ್ಣು ಏನೂ ನಷ್ಟವಾಗುವುದಿಲ್ಲ.

ಹದ ಗುರುತಿಸುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಹಸಿ ಮಣ್ಣು ಹೇಳಿದ ಹಾಗೆ ಕೇಳುತ್ತೆ, ಆದರೆ ನಿಲ್ಲುವುದಿಲ್ಲ. ಕೆಲವು ಗಂಟೆ ಬಿಟ್ಟರೆ, ಹವೆಗೆ ತಕ್ಕ ಹಾಗೆ, ಒಂದು ಹದಕ್ಕೆ ಬರುತ್ತೆ. ಸ್ಟುಡಿಯೋದವರು ಲೆದರ್ ಹಾರ್ಡ್ ಅನ್ನುತ್ತಾರೆ. ಎತ್ತಿದರೆ ಆಕಾರ ಕೆಡುವುದಿಲ್ಲ, ಮುಟ್ಟಿದರೆ ತಣ್ಣಗಿರುತ್ತೆ, ಚಾಕು ಹಾಕಿದರೆ ಕೊಬ್ಬರಿ ಮಿಠಾಯಿ ಕೊಯ್ದ ಹಾಗೆ ಕೊಯ್ಯಬಹುದು. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಕುಂಬಾರಿಕೆ ಮಾಡುವ ಒಬ್ಬ ತಾತನನ್ನು ಇದು ಹೇಗೆ ಗೊತ್ತಾಗುತ್ತೆ ತಾತ ಅಂತ ಕೇಳಿದ್ದೆ. ಅವರು ಮಾತಾಡದೆ ನನ್ನ ಬೆರಳು ಹಿಡಿದು ಪಾತ್ರೆಗೆ ಉಗುರು ಒತ್ತಿಸಿ, "ಗುರುತು ಬಿತ್ತಾ? ಬೆರಳು ಒಳಗೆ ಹೋಯ್ತಾ? ಗುರುತು ಬಿದ್ದು ಬೆರಳು ಹೋಗ್ಲಿಲ್ಲ ಅಂದ್ರೆ ಸರಿ ಕಣಮ್ಮ" ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಹಿಡಿ ಅಂಟಿಸುವುದು, ಕೆತ್ತುವುದು, ಸ್ಲಿಪ್ (ನೀರಿನಲ್ಲಿ ಕಲಸಿದ ಮಣ್ಣು) ಬಳಿಯುವುದು, ಉಜ್ಜಿ ಹೊಳಪು ತರುವುದು, ಎಲ್ಲವೂ ಈ ಹದದಲ್ಲಿ ಅಥವಾ ಅದರ ಹಿಂದೆ ಮುಂದೆ. ಇದು ದಾಟಿದರೆ ಬಣ್ಣ ತಿಳಿಯಾಗುತ್ತೆ, ತಣ್ಣಗಿರುವುದು ಹೋಗುತ್ತೆ, ಪಾತ್ರೆ ಹಪ್ಪಳದ ಹಾಗೆ ಒಡೆಯುವಂತಾಗುತ್ತೆ. ಆಗ ಏನೂ ಅಂಟಿಸಲು ಹೋಗಬೇಡಿ. ಕೆಲಸ ಅರ್ಧಕ್ಕೆ ನಿಲ್ಲಿಸುವುದಾದರೆ ಒದ್ದೆ ಪಂಚೆ ಹಿಂಡಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ. ವಾರ ಬಿಟ್ಟು ಬಂದರೂ ಹದ ಹಾಗೇ ಇರುತ್ತೆ.

ಸುರುಳಿ ಸುತ್ತಿ ಎತ್ತರ ಕಟ್ಟುವುದು

ಕೊಡುಬಳೆ ಹೊಸೆಯಲು ಬಂದರೆ ಇದು ಬಂದ ಹಾಗೆ. ಮಣೆಯ ಮೇಲೆ ಅಂಗೈ ಅಗಲಿಸಿ, ನಡುವಿನಿಂದ ಹೊರಕ್ಕೆ ಹೊಸೆಯುತ್ತಾ ಕಿರುಬೆರಳು ದಪ್ಪದ ಬತ್ತಿ ಮಾಡಿ. ಚಪ್ಪಟೆಯಾದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ ಅಂತ ಅರ್ಥ, ಸ್ವಲ್ಪ ತಿರುಚಿ ಮತ್ತೆ ಹೊಸೆಯಿರಿ.

ತಳಕ್ಕೆ ಒಂದು ಬಿಲ್ಲೆ ತಟ್ಟಿ. ಅದರ ಅಂಚಿನಲ್ಲಿ ಫೋರ್ಕ್‌ನಿಂದ ಅಡ್ಡಡ್ಡ ಗೀರಿ. ಅದೇ ಮಣ್ಣನ್ನು ನೀರಿನಲ್ಲಿ ಮೊಸರಿನ ಹಾಗೆ ಕಲಸಿ ಗೀರಿದ ಕಡೆ ಹಚ್ಚಿ. ಇದೇ ಸ್ಲಿಪ್. ಮೇಲೆ ಬತ್ತಿ ಕೂರಿಸಿ. ಈಗ ಮುಖ್ಯ ಕೆಲಸ: ಒಳಗಡೆ ಹೆಬ್ಬೆರಳಿನಿಂದ ಮೇಲಿನ ಬತ್ತಿಯ ಮಣ್ಣನ್ನು ಕೆಳಕ್ಕೆ ಎಳೆದು ಬೆಸೆಯಿರಿ. ಹೊರಗಡೆ ಬತ್ತಿಯ ಸಾಲು ಕಾಣಲಿ ಅಂತಿದ್ದರೆ ಬಿಡಬಹುದು, ಒಳಗಂತೂ ಪೂರ್ತಿ ಬೆಸೆಯಲೇಬೇಕು. ಸುಮ್ನೆ ಒಂದರ ಮೇಲೊಂದು ಜೋಡಿಸಿದರೆ ಒಣಗುವಾಗ ಚಕ್ಕುಲಿ ಬಿಚ್ಚಿಕೊಂಡ ಹಾಗೆ ಬಿಚ್ಚಿಕೊಳ್ಳುತ್ತೆ.

ಬತ್ತಿಯನ್ನು ಕೆಳಗಿನ ಸಾಲಿನ ಒಳಅಂಚಿಗೆ ಸರಿಸಿ ಕೂರಿಸಿದರೆ ಪಾತ್ರೆ ಒಳಕ್ಕೆ ಬರುತ್ತೆ, ಹೊರಅಂಚಿಗೆ ಕೂರಿಸಿದರೆ ಅರಳುತ್ತೆ. ಹೊಟ್ಟೆ, ಕತ್ತು, ಬಾಯಿ ಎಲ್ಲಾ ಇಷ್ಟರಲ್ಲೇ ಆಗುತ್ತೆ. ಮೂರು ನಾಲ್ಕು ಸಾಲು ಆದ ಮೇಲೆ ನಿಲ್ಲಿಸಿ. ಮುಂದಕ್ಕೆ ಹೋಗುವ ಆಸೆ ಇರುತ್ತೆ, ಆದರೆ ಕೆಳಗಿನ ಹಸಿ ಗೋಡೆಗೆ ಮೇಲಿನ ಭಾರ ಹೊರಲು ಆಗುವುದಿಲ್ಲ, ಹೊಟ್ಟೆ ಜೋತುಬೀಳುತ್ತೆ. ಅಂಚಿಗೆ ಮಾತ್ರ ಒದ್ದೆ ಬಟ್ಟೆ ಹಾಕಿ, ಉಳಿದದ್ದನ್ನು ಒಂದೆರಡು ಗಂಟೆ ಗಾಳಿಗೆ ಬಿಡಿ. ಕೆಳಗಿನದು ಸ್ವಲ್ಪ ಗಟ್ಟಿಯಾಗಬೇಕು, ಅಂಚು ಹಸಿಯಾಗಿಯೇ ಇರಬೇಕು. ಹೀಗೆ ಒಂದು ಮೊಣಕೈ ಎತ್ತರದ ಜಾಡಿಗೆ ನನಗೆ ಮೂರು ದಿನ ಬೇಕು. ಇಡೀ ದಿನ ಕೂತಿರಬೇಕಾಗಿಲ್ಲ, ಅಡುಗೆ ಮಧ್ಯೆ ಬಂದು ಎರಡು ಸಾಲು ಹಾಕಿ ಹೋದರೆ ಆಯಿತು. ಮನೆಯಲ್ಲಿ ಇದ್ದು ಕಲಿಯುವವರಿಗೆ ತಿಗರಿಗಿಂತ ಇದು ವಾಸಿ ಅನ್ನುವುದು ಇದಕ್ಕೇ.

ಕೊನೆಗೆ ಆಕಾರ ತಿದ್ದುವುದಕ್ಕೆ ಕುಂಬಾರರ ಉಪಾಯ ಬಳಸಿ. ಒಳಗೆ ಒಂದು ದುಂಡು ಕಲ್ಲು ಹಿಡಿದು, ಹೊರಗಿಂದ ಮರದ ಹಲಗೆಯಲ್ಲಿ ತಟ್ಟಿ. ಬತ್ತಿಗಳು ಇನ್ನೂ ಬಿಗಿಯಾಗಿ ಕೂಡಿಕೊಳ್ಳುತ್ತವೆ, ಗೋಡೆ ತೆಳ್ಳಗೂ ಆಗುತ್ತೆ. ಸದ್ದು ಗಮನಿಸಿ, ಡೊಬ್ ಡೊಬ್ ಅಂತಿದ್ದರೆ ಇನ್ನೂ ದಪ್ಪ ಇದೆ.

ಹಾಳೆ ಲಟ್ಟಿಸಿ ಮಾಡುವುದು

ತಟ್ಟೆ, ಟ್ರೇ, ಚೌಕ ಪೆಟ್ಟಿಗೆ, ನೇರ ಗೋಡೆಯ ಮಗ್, ಇವೆಲ್ಲಾ ಹಾಳೆಯಿಂದ. ಬಟ್ಟೆ ಹಾಸಿ, ಎರಡೂ ಕಡೆ 6 ಮಿಲಿಮೀಟರ್ ದಪ್ಪದ ಮರದ ಪಟ್ಟಿ ಇಟ್ಟು, ಲಟ್ಟಣಿಗೆಯನ್ನು ಪಟ್ಟಿಗಳ ಮೇಲೆ ಉರುಳಿಸಿ. ಆಗ ಹಾಳೆ ಎಲ್ಲಾ ಕಡೆ ಒಂದೇ ದಪ್ಪ ಬರುತ್ತೆ. ಒಂದೇ ದಿಕ್ಕಿಗೆ ಲಟ್ಟಿಸಬೇಡಿ, ತಿರುಗಿಸಿ, ಮಗುಚಿ ಹಾಕಿ. ಏಟಿಎಂ ಕಾರ್ಡಿನಿಂದ ಎರಡೂ ಬದಿ ಒತ್ತಿ ಸವರಿ.

ಮಣ್ಣಿಗೆ ನೆನಪಿನ ಶಕ್ತಿ ಜಾಸ್ತಿ. ಹಾಳೆಯನ್ನು ಒಂದು ಮೂಲೆ ಹಿಡಿದು ಎತ್ತಿದಿರಿ ಅಂತಿಟ್ಟುಕೊಳ್ಳಿ, ಅದು ಬಾಗುತ್ತೆ, ನೀವು ಮತ್ತೆ ಚಪ್ಪಟೆ ಮಾಡುತ್ತೀರಿ, ಕಣ್ಣಿಗೆ ಸರಿ ಕಾಣುತ್ತೆ. ಸುಟ್ಟಾಗ ಅದೇ ಮೂಲೆ ಮತ್ತೆ ಏಳುತ್ತೆ. ನನ್ನ ಮೊದಲ ಆರು ತಟ್ಟೆಗಳಲ್ಲಿ ನಾಲ್ಕು ತೊಟ್ಟಿಲಿನ ಹಾಗೆ ತೂಗುತ್ತಿದ್ದವು. ಹಾಳೆಯನ್ನು ಬಟ್ಟೆ ಸಮೇತ, ಕೆಳಗೆ ಹಲಗೆ ಕೊಟ್ಟು ಎತ್ತಿ.

ತಟ್ಟೆಗೆ ಮನೆಯ ಸ್ಟೀಲ್ ತಟ್ಟೆಯೇ ಅಚ್ಚು. ಅದರೊಳಗೆ ತೆಳು ಬಟ್ಟೆ ಹಾಸಿ ಹಾಳೆ ಕೂರಿಸಿ ಒತ್ತಿ, ಅಂಚು ಕೊಯ್ದು, ಹದ ಬಂದ ಮೇಲೆ ತೆಗೆಯಿರಿ. ಪೆಟ್ಟಿಗೆ ಅಥವಾ ಮಗ್ ಆದರೆ ಹಾಳೆ ಸ್ವಲ್ಪ ಗಟ್ಟಿಯಾದ ಮೇಲೆ ಕೊಯ್ದು, ಸೇರುವ ಅಂಚುಗಳನ್ನು ಗೀರಿ, ಸ್ಲಿಪ್ ಹಚ್ಚಿ, ಒತ್ತಿ. ಒಳಮೂಲೆಗೆ ಎಳೆ ಬತ್ತಿ ಇಟ್ಟು ಬೆಸೆದರೆ ಬಿರುಕು ಬರುವುದು ಬಹಳ ಕಡಿಮೆ. ಹಿಡಿಯೂ ಹೀಗೇ. ಮಗ್ ಮತ್ತು ಹಿಡಿ ಒಂದೇ ದಿನ ಮಾಡಿ, ಎರಡನ್ನೂ ಒಂದೇ ಕವರ್ ಒಳಗೆ ಇಟ್ಟು, ಎರಡೂ ಒಂದೇ ಹದಕ್ಕೆ ಬಂದ ಮೇಲೆ ಸೇರಿಸಿ. ಸೇರಿಸಿದ ಮೇಲೆ ಇನ್ನೊಂದು ದಿನ ಕವರ್ ಮುಚ್ಚಿಡಿ.

ಈಗ ಮೈಮೇಲಿನ ಚಿತ್ತಾರ

ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಭಾಗ ಇದು. ತೀರಾ ಸುಲಭದ್ದು ಅಚ್ಚೊತ್ತುವುದು. ಹಾಳೆ ಇನ್ನೂ ಮೆತ್ತಗಿರುವಾಗ ಅರಳಿ ಎಲೆಯನ್ನು, ನರ ಎದ್ದಿರುವ ಬದಿ ಮಣ್ಣಿಗೆ ತಾಗುವ ಹಾಗೆ ಇಟ್ಟು ಲಟ್ಟಣಿಗೆ ಉರುಳಿಸಿ. ಅಡುಗೆಮನೆಗೆ ಹೋಗಿ ನೋಡಿದರೆ ಅಚ್ಚುಗಳ ರಾಶಿ: ಚಕ್ಕುಲಿ ಬಿಲ್ಲೆ, ಕರ್ಜಿಕಾಯಿ ಕೊಯ್ಯುವ ಹಲ್ಲಿನ ಚಕ್ರ, ಅಡ್ಡ ಕೊಯ್ದ ಬೆಂಡೆಕಾಯಿ, ಹಾಗಲಕಾಯಿ ಸಿಪ್ಪೆ, ಹಳೇ ಸೀರೆಯ ಜರಿ ಅಂಚು. ಎಲ್ಲವನ್ನೂ ಒಂದೇ ತಟ್ಟೆಗೆ ಒತ್ತಬೇಡಿ, ಆಸೆ ಆಗುತ್ತೆ, ಗೊತ್ತು.

ಮುಂದಿನದು ಸ್ಲಿಪ್. ಕೆಂಪು ಮಣ್ಣಿನ ಪಾತ್ರೆಯ ಮೇಲೆ ಬಿಳಿ ಜೇಡಿ ಬಳಿದರೆ ಎಷ್ಟು ಎದ್ದು ಕಾಣುತ್ತೆ ಅನ್ನುವುದು ನಮಗೆ ಹೊಸದೇನಲ್ಲ. ಬ್ರಹ್ಮಗಿರಿ, ಚಂದ್ರವಳ್ಳಿಯ ಅಗೆತದಲ್ಲಿ ಸುಮಾರು 2000 ವರ್ಷ ಹಳೆಯ ಕೆಂಗಂದು ಮಡಕೆ ಚೂರುಗಳ ಮೇಲೆ ಬಿಳಿ ಗೆರೆಗಳ ಚಿತ್ತಾರ ಸಿಕ್ಕಿದೆ. ಮಲೆನಾಡಿನ ದೀವರ ಹಸೆ ಚಿತ್ತಾರವೂ ಕೆಮ್ಮಣ್ಣಿನ ಗೋಡೆಯ ಮೇಲೆ ಬಿಳಿ ಗೆರೆಯೇ. ಅದರಲ್ಲಿ ಬಿಳಿಗೆ ಅಕ್ಕಿ ಹಿಟ್ಟು ಬಳಸುತ್ತಾರೆ. ಪಾತ್ರೆಗೆ ಅದು ಆಗುವುದಿಲ್ಲ, ಕಿಲ್ನ್‌ನಲ್ಲಿ ಸುಟ್ಟು ಹೋಗುತ್ತೆ. ಬಿಳಿ ಜೇಡಿಯೇ ಬೇಕು.

ಸ್ಲಿಪ್ ಮಾಡುವಾಗ ಒಂದು ಎಚ್ಚರ. ಪಾತ್ರೆ ಎಷ್ಟು ಕುಗ್ಗುತ್ತೋ ಮೇಲಿನ ಬಣ್ಣವೂ ಅಷ್ಟೇ ಕುಗ್ಗಬೇಕು, ಇಲ್ಲದಿದ್ದರೆ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಏಳುತ್ತೆ. ಪಾತ್ರೆ ಸ್ಟೋನ್‌ವೇರ್ ಆದರೆ ಆ ಮಣ್ಣನ್ನೇ ಒಣಗಿಸಿ, ನೀರಿನಲ್ಲಿ ಕರಗಿಸಿ, ನೈಲಾನ್ ಬಟ್ಟೆಯಲ್ಲಿ ಸೋಸಿ ಅದಕ್ಕೆ ಬಣ್ಣ ಬೆರೆಸುವುದು ಒಳ್ಳೆಯದು. ಕೆಂಪಿಗೆ, ಕಂದಿಗೆ ಕಬ್ಬಿಣದ ಆಕ್ಸೈಡ್ ಅಥವಾ ಚೆನ್ನಾಗಿ ಸೋಸಿದ ಕೆಮ್ಮಣ್ಣು. ನೀಲಿಗೆ ಕೋಬಾಲ್ಟ್ ಆಕ್ಸೈಡ್, ಅದು ಒಂದು ಚಿಟಿಕೆ ಸಾಕು, ಪುಡಿ ಮುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ. ಸ್ಲಿಪ್ ಇಡ್ಲಿ ಹಿಟ್ಟಿಗಿಂತ ತೆಳು, ಮಜ್ಜಿಗೆಗಿಂತ ದಪ್ಪ ಇರಲಿ. ಹದ ಬಂದ ಪಾತ್ರೆಗೆ ಅಗಲ ಕುಂಚದಲ್ಲಿ ಬಳಿಯಿರಿ, ಹೊಳಪು ಹೋದ ಮೇಲೆ ಇನ್ನೊಂದು ಸಲ, ಬೇಕಾದರೆ ಮೂರನೇ ಸಲ.

ಬಳಿದ ಪದರ ಕೈಗೆ ಅಂಟದಷ್ಟು ಆರಿದಾಗ ಕಡ್ಡಿಯಿಂದ ಕೆರೆದು ಚಿತ್ರ ಬಿಡಿಸಬಹುದು. ಕೆರೆದ ಕಡೆ ಅಡಿಯ ಮಣ್ಣಿನ ಬಣ್ಣ ಕಾಣುತ್ತೆ. ಇಟಲಿಯವರ ಮಾತಿನಲ್ಲಿ ಇದು ಸ್ಗ್ರಾಫಿಟೋ. ಉತ್ತರ ಕನ್ನಡ, ಗೋವಾ ಕಡೆಯ ಹಳೇ ದೇವಸ್ಥಾನಗಳ ಕಾವಿ ಕಲೆ ನೋಡಿದ್ದರೆ ನಿಮಗೆ ಇದು ಹೇಳಿಕೊಡಬೇಕಾಗಿಯೇ ಇಲ್ಲ. ಅಲ್ಲಿ ಬಿಳಿ ಗಾರೆಯ ಮೇಲೆ ಕೆಂಪು ಬಳಿದು ಕೆರೆಯುತ್ತಾರೆ, ಇಲ್ಲಿ ಮಣ್ಣಿನ ಮೇಲೆ. ಬೇಗ ಕೆರೆದರೆ ಅಂಚಿನಲ್ಲಿ ಗುಡ್ಡೆ ಗುಡ್ಡೆ ಬರುತ್ತೆ, ತಡವಾದರೆ ಗೆರೆ ಚಿಂದಿಯಾಗುತ್ತೆ. ಕೆರೆದಾಗ ಬಂದ ಪುಡಿಯನ್ನು ಬೆರಳಿನಿಂದ ಒರೆಸಬೇಡಿ, ಗೆರೆ ಮಸಿಯಾಗುತ್ತೆ. ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ತಟ್ಟಿ ಬೀಳಿಸಿ.

ಗೆರೆಯೇ ಎದ್ದು ನಿಲ್ಲಬೇಕು ಅಂದರೆ ಮೆಹೆಂದಿ ಕೋನ್ ತಗೊಳ್ಳಿ. ಖಾಲಿ ಕೋನ್ ಸಿಗುತ್ತೆ, ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ನೀವೇ ಸುತ್ತಿ. ಮೊಸರಿನ ಹದದ ಸ್ಲಿಪ್ ತುಂಬಿ, ತುದಿ ಕತ್ತರಿಸಿ, ಎಳೆಯುತ್ತಾ ಹೋಗಿ. ಈ ಕೆಲಸಕ್ಕೆ ಅಂತಲೇ ಮಾರುವ ಬಾಟಲಿಗಳಿಗಿಂತ ನನಗೆ ಕೋನೇ ಇಷ್ಟ. ಚುಕ್ಕಿ ರಂಗೋಲಿ ಬಂದವರ ಕೈ ನಡುಗುವುದಿಲ್ಲ, ನಾನು ಸ್ಟುಡಿಯೋದಲ್ಲಿ ನೋಡಿದ್ದೇನೆ, ಮೊದಲ ದಿನ ಬಂದ ಅಜ್ಜಿಯೊಬ್ಬರು ಒಂದೇ ಉಸಿರಿಗೆ ಹದಿನೈದು ಚುಕ್ಕಿಯ ಎಳೆ ಹಾಕಿ ನಮ್ಮನ್ನೆಲ್ಲಾ ಸುಮ್ಮನಾಗಿಸಿದರು.

ಇನ್ನು ಉಜ್ಜುವುದು. ಗ್ಲೇಜ್ (ಗಾಜಿನಂಥ ಲೇಪ) ಇಲ್ಲದೆ ಹೊಳಪು ಬೇಕು ಅಂದರೆ ಹದ ದಾಟಿ, ಇನ್ನೇನು ಒಣಗಬೇಕು ಅನ್ನುವ ಹೊತ್ತಿಗೆ, ನುಣುಪಾದ ಹೊಳೆಕಲ್ಲಿನಿಂದ ಅಥವಾ ಸ್ಟೀಲ್ ಚಮಚದ ಬೆನ್ನಿನಿಂದ ಸಣ್ಣ ಸಣ್ಣ ಸುತ್ತು ಉಜ್ಜಿ. ಮಣ್ಣಿನ ಚಪ್ಪಟೆ ಕಣಗಳು ಒಂದೇ ದಿಕ್ಕಿಗೆ ಮಲಗಿ ಬೆಳಕು ಹೊಳೆಯುತ್ತೆ. ಸಮಯ ಹಿಡಿಯುತ್ತೆ, ಒಂದು ಬಟ್ಟಲಿಗೆ ಒಂದು ಸಿನಿಮಾ ಮುಗಿಯುತ್ತೆ. ಇಂಥದ್ದನ್ನು 950 ಡಿಗ್ರಿಗಿಂತ ಕಡಿಮೆಯಲ್ಲೇ ಸುಡಿಸಿ, ಉರಿ ಏರಿದ ಹಾಗೆ ಹೊಳಪು ಹೋಗುತ್ತೆ.

ಒಣಗಿಸುವುದು, ಸುಡುವುದು

ಬಿಸಿಲಿಗೆ ಇಡಬೇಡಿ, ಫ್ಯಾನ್ ಕೆಳಗೂ ಬೇಡ. ಅಂಚು ಮೊದಲು ಒಣಗಿ ತಳ ಹಸಿಯಾಗಿ ಉಳಿದರೆ ಎರಡೂ ಜಗಳವಾಡಿ ಬಿರುಕು ಬಿಡುತ್ತೆ. ಪೇಪರ್ ಮೇಲೆ ಇಟ್ಟು, ಸಡಿಲವಾಗಿ ಕವರ್ ಮುಚ್ಚಿ, ದಿನಕ್ಕೊಮ್ಮೆ ಮಗುಚಿ. ಬೇಸಿಗೆಯಲ್ಲಿ ಒಂದು ವಾರ, ಕರಾವಳಿಯ ಮಳೆಗಾಲದಲ್ಲಿ ಎರಡು ವಾರಕ್ಕೂ ಒಣಗಿರುವುದಿಲ್ಲ. ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ನೀರು ಇನ್ನೂ ಇದೆ. ಒಣಗಿದ ಮೇಲೆ ಬಿರುಕು ಕಂಡರೆ ತೇಪೆ ಹಾಕುವ ಕೆಲಸ ಬೇಡ, ಬಕೆಟ್‌ಗೆ ಹಾಕಿ ಹೊಸದು ಮಾಡಿ.

ಎಷ್ಟು ಕುಗ್ಗುತ್ತೆ ಅಂತ ತಿಳಿಯಲು ಹಸಿ ಹಾಳೆಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು ಅದನ್ನೂ ಸುಡಿಸಿ. ಸ್ಟೋನ್‌ವೇರ್‌ನಲ್ಲಿ 9 ಸೆಂಟಿಮೀಟರ್‌ಗಿಂತ ಕಡಿಮೆಯಾಗಿ ಬಂದರೂ ಆಶ್ಚರ್ಯವಿಲ್ಲ. ನಿಮ್ಮ ಮಗ್ ದೊಡ್ಡದಾಯಿತು ಅಂತ ಅನಿಸಿದರೆ ಸರಿಯಾಗಿದೆ ಅಂತ ಅರ್ಥ.

ಮನೆಯ ಓವನ್‌ನಲ್ಲಿ ಇದು ಆಗುವುದಿಲ್ಲ. ನಗರದ ಬಹಳಷ್ಟು ಸ್ಟುಡಿಯೋಗಳು ಹೊರಗಿನವರ ಪಾತ್ರೆಯನ್ನು ಬಾಡಿಗೆಗೆ ಸುಟ್ಟುಕೊಡುತ್ತವೆ. ಮೊದಲ ಸುಡುವಿಕೆಗೆ ಬಿಸ್ಕ್ ಅನ್ನುತ್ತಾರೆ, ಸಾಮಾನ್ಯವಾಗಿ 950ರಿಂದ 1000 ಡಿಗ್ರಿ. ನಿಮಗೇ ಕಿಲ್ನ್ ನಡೆಸುವ ಅವಕಾಶ ಸಿಕ್ಕರೆ 90 ಡಿಗ್ರಿಯಲ್ಲಿ ಕೆಲವು ಗಂಟೆ ಸುಮ್ನೆ ಬಿಡಿ, ಆಮೇಲೆ 600ರವರೆಗೆ ಗಂಟೆಗೆ 60ರಿಂದ 80 ಡಿಗ್ರಿಯ ಹಾಗೆ ನಿಧಾನಕ್ಕೆ ಏರಿಸಿ. ಈ ನಡುವೆ ಮಣ್ಣಿನ ಕಣಗಳೊಳಗೆ ಕಟ್ಟಿಕೊಂಡಿರುವ ನೀರು ಬಿಡುಗಡೆಯಾಗುತ್ತೆ, 573 ಡಿಗ್ರಿಯಲ್ಲಿ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಅಂಶ ಥಟ್ಟನೆ ಹಿಗ್ಗುತ್ತೆ. 600 ದಾಟಿದ ಮೇಲೆ ಸ್ವಲ್ಪ ಬೇಗ ಏರಿಸಬಹುದು. ಇಳಿಯುವಾಗ 100 ಡಿಗ್ರಿ ಕೆಳಗೆ ಬರುವ ತನಕ ಬಾಗಿಲು ತೆಗೆಯಬೇಡಿ. ಇಣುಕಿ ನೋಡುವ ಆಸೆಗೆ ಒಂದು ಸಾಲು ಬಟ್ಟಲು ಸೀಳಿಹೋದ ದಿನ ಒಂದು ಸ್ಟುಡಿಯೋದಲ್ಲಿ ನಾನೂ ಇದ್ದೆ, ಇಣುಕಿದ್ದು ಯಾರು ಅಂತ ಕೇಳಬೇಡಿ.

ಹಳ್ಳಿಯಲ್ಲಿ ಜಾಗ ಇದ್ದರೆ ಆವಿಗೆಯ (ಕುಂಬಾರರು ಮಡಕೆ ಸುಡುವ ಬಯಲು ಗೂಡು) ದಾರಿಯೂ ಇದೆ. ಟೆರಾಕೋಟಾ ಪಾತ್ರೆಗಳನ್ನು ಮೊದಲು ಒಲೆಯ ಪಕ್ಕ ಇಟ್ಟು ಚೆನ್ನಾಗಿ ಬಿಸಿ ಮಾಡಿಕೊಳ್ಳಿ. ಬೆರಣಿ, ಹೊಟ್ಟು, ಸೌದೆಯ ನಡುವೆ ಜೋಡಿಸಿ, ಮೇಲೆ ಹುಲ್ಲು, ಕೆಸರು ಮುಚ್ಚಿ ಸುಡಿ. ಹೊಗೆ ತಾಗಿದ ಕಡೆ ಕಪ್ಪು, ಗಾಳಿ ಸಿಕ್ಕ ಕಡೆ ಕೆಂಪು ಬರುತ್ತೆ. ಬ್ರಹ್ಮಗಿರಿಯ ಬೃಹತ್ ಶಿಲಾಯುಗದ ಕಪ್ಪು ಕೆಂಪು ಮಡಕೆಗಳೂ ಬೋರಲು ಹಾಕಿ ಸುಟ್ಟಿದ್ದರಿಂದ ಒಳಗೆ ಕಪ್ಪು, ಹೊರಗೆ ಕೆಂಪು ಆದವು ಅಂತ ಹೇಳುತ್ತಾರೆ. ಇವು ನೋಡಲು ಚೆಂದ, ನೀರು ಮಾತ್ರ ಜಿನುಗುತ್ತೆ.

ಗ್ಲೇಜ್

ಬಿಸ್ಕ್ ಆದ ಪಾತ್ರೆಯ ಧೂಳನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿ. ಗ್ಲೇಜ್ ಅಂದರೆ ಉರಿಯಲ್ಲಿ ಕರಗಿ ಗಾಜಾಗುವ ಲೇಪ. ನಿಮ್ಮ ಮಣ್ಣಿನ ಡಿಗ್ರಿಗೆ ಹೊಂದುವುದನ್ನೇ ತಗೊಳ್ಳಿ, ಊಟದ ಪಾತ್ರೆಗೆ ಸೀಸ ಇಲ್ಲದ್ದು ಅಂತ ಖಾತ್ರಿ ಇರಲಿ. ಎರಡು ಮೂರು ಸೆಕೆಂಡು ಅದ್ದಿ ತೆಗೆಯಿರಿ. ತಳಕ್ಕೆ ಮೊದಲೇ ಕರಗಿದ ಮೇಣದಬತ್ತಿಯ ಮೇಣ ಹಚ್ಚಿದರೆ ಅಲ್ಲಿ ಗ್ಲೇಜ್ ಹಿಡಿಯುವುದಿಲ್ಲ. ತಳ ಮತ್ತು ಅದರ ಮೇಲಿನ 3 ಮಿಲಿಮೀಟರ್ ಖಾಲಿ ಇರಲೇಬೇಕು. ಸ್ಲಿಪ್ ಚಿತ್ತಾರದ ಮೇಲೆ ಪಾರದರ್ಶಕ ಗ್ಲೇಜ್ ಹಾಕಿ, ಬಣ್ಣದ್ದು ಹಾಕಿ ಮೂರು ದಿನದ ಕೆಲಸ ಮುಚ್ಚಬೇಡಿ. ಅಂಗಡಿಯ ಅಕ್ರಿಲಿಕ್ ಬಣ್ಣ ಗ್ಲೇಜ್ ಅಲ್ಲ. ಅದು ಹೂಕುಂಡಕ್ಕೆ ಸರಿ, ಊಟಕ್ಕಲ್ಲ.

ಎರಡನೇ ಸಲ ಸುಟ್ಟು ಬಂದ ಮೇಲೆ ತಳವನ್ನು ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ, ಇಲ್ಲದಿದ್ದರೆ ಡೈನಿಂಗ್ ಟೇಬಲ್ ಮೇಲೆ ಗೀರು ಬೀಳುತ್ತೆ. ಆಮೇಲೆ ಮಗ್‌ಗೆ ನೀರು ತುಂಬಿ, ಪೇಪರ್ ಮೇಲೆ ಇಟ್ಟು, ರಾತ್ರಿ ಮಲಗಿ. ಬೆಳಿಗ್ಗೆ ಪೇಪರ್ ಒದ್ದೆಯಾಗಿದ್ದರೆ ಅದರಲ್ಲಿ ಪೆನ್ನು ಇಡಿ. ಒಣಗಿದ್ದರೆ ಕಾಫಿ ಹಾಕಿ.